ದೊಡ್ಡಮ್ಮನ ಕೈ

ಹೊಂಬಾಳಮ್ಮ ಜನ ಸೇರುವ ಕಡೆ ಸಿರಿಯ ಕೈ ಹಿಡಿಯುತ್ತಿರಲಿಲ್ಲ, ಮಣಿಕಟ್ಟು ಹಿಡಿಯುತ್ತಿದ್ದಳು. ಬೆರಳು ಬೆವರಿದರೆ ಜಾರುತ್ತದೆ, ಮಣಿಕಟ್ಟು ಜಾರುವುದಿಲ್ಲ ಎನ್ನುವುದು ಅವಳ ಲೆಕ್ಕಾಚಾರ. ರಾಮನಗರದ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವ ಮೊದಲೇ ಸೆರಗಿನ ತುದಿಯನ್ನು ಮಗುವಿನ ಫ್ರಾಕಿನ ಬೆಲ್ಟಿಗೆ ಗಂಟು ಹಾಕಿಬಿಡುವಳು. ಕರುವನ್ನು ಸಂತೆಗೆ ಹಿಡಿದುಕೊಂಡು ಹೋದ ಹಾಗೆ ಹೋಗ್ತಾಳೆ ನೋಡು ಎಂದು ಊರಿನ ಹೆಂಗಸರು ನಗುತ್ತಿದ್ದರು. ನಗಲಿ, ಅವರಿಗೇನು. ಮನೆ ತುಂಬ ಮಕ್ಕಳಿರುವವರಿಗೆ ನಗು ಸುಲಭ. ಇವಳಿಗಿದ್ದದ್ದು ಒಂದೇ ಒಂದು, ಅದೂ ತಾನು ಹೆತ್ತದ್ದಲ್ಲ.

ಸಿರಿ ಅವಳ ಮೈದುನ ಸ್ವಾಮಿಯ ಮಗಳು. ಸ್ವಾಮಿ ಲಾರಿ ಓಡಿಸುತ್ತಿದ್ದ; ಮನೆಗೆ ಬಂದರೆ ನೆಂಟ, ಹೋದರೆ ಫೋನು. ಅವನ ಹೆಂಡತಿ ಲತಾಮಣಿಗೆ ಬಿಡದಿಯ ಒಂದು ಕಾರ್ಖಾನೆಯಲ್ಲಿ ಕೆಲಸ. ಹೆರಿಗೆಯ ರಜೆ ಮುಗಿದ ದಿನ ಲತಾಮಣಿ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ತಂದು ಓರಗಿತ್ತಿಯ ಮಡಿಲಿಗೆ ಹಾಕಿ, "ಅಕ್ಕ, ಇನ್ ಮ್ಯಾಲೆ ಇವ್ಳು ನಿಮ್ಮ ಮಗ್ಳೇ ಕಣಕ್ಕ" ಎಂದಿದ್ದಳು. ಆವತ್ತು ಅವಳಿಗೆ ಏಳರ ಬಸ್ಸು ತಪ್ಪಿದರೆ ಸಂಬಳ ಕಟ್ಟಾಗುತ್ತಿತ್ತು. ಅಂಥ ಅವಸರದಲ್ಲಿ ಆಡಿದ ಮಾತನ್ನು ಯಾರೂ ಮನಸ್ಸಿಗೆ ಹಾಕಿಕೊಳ್ಳಬಾರದು. ಮದುವೆಯಾಗಿ ವರ್ಷಗಳು ಕಳೆದರೂ ತೊಟ್ಟಿಲು ಕಟ್ಟದ ಹೊಂಬಾಳಮ್ಮ ಹಾಕಿಕೊಂಡಳು. ತಪ್ಪು ಅವಳದೇ.

ಮಗು ಮಾತು ಕಲಿತಾಗ ಹೊಂಬಾಳಮ್ಮನನ್ನು ಅಮ್ಮ ಎಂದಿತು. ಹೆತ್ತವಳನ್ನು, ಮನೆಯವರೆಲ್ಲ ಕರೆಯುವ ಹಾಗೆ, ಲತಾ ಎಂದಿತು. ಮೊದಮೊದಲು ಎಲ್ಲರೂ ನಕ್ಕರು. ಒಂದು ದಿನ ಲತಾಮಣಿ ನಗಲಿಲ್ಲ. ಶಿಫ್ಟ್ ಮುಗಿಸಿ ಬಂದವಳು ಬ್ಯಾಗು ಕೂಡ ಇಳಿಸದೆ ಹೊಸ್ತಿಲ ಮೇಲೆ ಕೂತು ಅತ್ತಳು. ಕಾರ್ಖಾನೆಯವರ ವಾಟ್ಸಾಪಿನಲ್ಲಿ ಮಕ್ಕಳ ಕಳ್ಳರ ವಿಡಿಯೋ ಬರುತ್ತಿದ್ದ ಕಾಲ ಅದು. ನಾಳೆ ಮಗು ಎಲ್ಲಾದರೂ ತಪ್ಪಿಸಿಕೊಂಡು, ಯಾರಾದರೂ ನಿಮ್ಮಮ್ಮ ಯಾರು ಎಂದು ಕೇಳಿದರೆ, ಇವಳು ಬೇರೆಯವರ ಹೆಸರು ಹೇಳಿದರೆ ನನ್ನ ಗತಿಯೇನು ಎಂದು ಅವಳು ಅತ್ತೆ ಬೈರಮ್ಮನನ್ನು ಕೇಳಿದಳು. ಬೇರೆಯವರು ಎಂಬ ಮಾತು ಒಲೆಯ ಮುಂದಿದ್ದ ಹೊಂಬಾಳಮ್ಮನಿಗೂ ಕೇಳಿಸಿತು. ಬೈರಮ್ಮ ತೀರ್ಪು ಕೊಟ್ಟಳು: ಮಗುವನ್ನು ತಿದ್ದಬೇಕು, ಅದನ್ನು ಹೊಂಬಾಳಿಯೇ ತಿದ್ದಬೇಕು, ಅವಳ ಮಾತೇ ಅದು ಕೇಳುವುದು.

ತಿದ್ದಿದಳು. ದಿನಾ ದೀಪ ಹಚ್ಚುವ ಹೊತ್ತಿಗೆ ಮಗುವನ್ನು ಎದುರಿಗೆ ಕೂರಿಸಿಕೊಂಡು ಪಾಠ ಮಾಡಿದಳು. ನಿಮ್ಮಮ್ಮನ ಹೆಸರೇನು? ಲತಾಮಣಿ. ಅಮ್ಮ ಎಲ್ಲವ್ರೆ? ಬಿಡದಿ ಫ್ಯಾಕ್ಟ್ರಿಲಿ. ಅಮ್ಮನ ನಂಬರು? ಮಗು ಕಣ್ಣು ಮುಚ್ಚಿಕೊಂಡು ಹತ್ತು ಅಂಕಿಯನ್ನೂ ರಾಗವಾಗಿ ಹೇಳುತ್ತಿತ್ತು. ನಾನು ಯಾರು? ಅಲ್ಲೊಂದು ಕಡೆ ಅದು ಎಡವುತ್ತಿತ್ತು. ಎಡವಿದರೆ ಏನೂ ಇಲ್ಲ. ದೊಡ್ಡಮ್ಮ ಎಂದು ಸರಿಯಾಗಿ ಹೇಳಿದರೆ ಸೆರಗಿನ ಗಂಟು ಬಿಚ್ಚಿ ಒಂದು ಚೂರು ಕಡಲೆ ಮಿಠಾಯಿ. ಮಿಠಾಯಿಯ ಆಸೆಗೆ ಮಗು ಹದಿನೈದು ದಿನದಲ್ಲಿ ಕಲಿತುಬಿಟ್ಟಿತು. ತನ್ನ ಕೈಯಾರೆ ತನ್ನನ್ನು ಮಗುವಿನ ಬಾಯಿಂದ ಅಳಿಸಿಹಾಕುವ ಆ ಕೆಲಸವನ್ನು ಹೊಂಬಾಳಮ್ಮ ಎಷ್ಟು ಚೊಕ್ಕವಾಗಿ ಮಾಡಿದಳೆಂದರೆ, ಬೈರಮ್ಮನೇ ಭೇಷ್ ಎಂದಳು.

ಆ ಭಾನುವಾರ ಮನೆಯಲ್ಲಿ ಮಗುವನ್ನು ನೋಡಿಕೊಳ್ಳಲು ಯಾರೂ ಇರಲಿಲ್ಲ. ಬೈರಮ್ಮ ಕುದೂರಿನ ನೆಂಟರ ಮನೆಯ ತಿಥಿಗೆ ಹೋಗಿದ್ದಳು, ಲತಾಮಣಿಗೆ ರಜೆಯ ದಿನವೂ ಓಟಿ ಕೆಲಸ. ಹಿಂದಿನ ದಿನವಷ್ಟೇ ಹುಳಗಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯಿಂದ ರೇಷ್ಮೆ ಗೂಡು ಬಿಡಿಸಿ ಆಗಿತ್ತು, ಮಾರುಕಟ್ಟೆಗೆ ಹಾಕದೆ ಇಟ್ಟುಕೊಳ್ಳುವಂತಿರಲಿಲ್ಲ. ಹೊಂಬಾಳಮ್ಮನ ಗಂಡ ಅಶ್ವಥ್ ಗೂಡಿನ ಚೀಲಗಳ ಜೊತೆಗೆ ಇವರಿಬ್ಬರನ್ನೂ ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಇಳಿಸಿ, ಉಳಿದ ಚೀಲ ತರಲು ಅದೇ ಆಟೋದಲ್ಲಿ ಊರಿಗೆ ವಾಪಸು ಹೊರಟ. ಗಂಡಹೆಂಡಿರಿಗೆ ಇದ್ದದ್ದು ಒಂದೇ ಫೋನು, ಅದು ಅವನ ಜೇಬಿನಲ್ಲಿ ಹೋಯಿತು.

ಗೂಡು ತಂದವರು ಅದನ್ನು ತಮ್ಮ ನಂಬರಿನ ಟ್ರೇಗೆ ಸುರಿದು, ಹರವಿ, ಅದರ ಪಕ್ಕವೇ ನಿಲ್ಲಬೇಕು. ನೂಲು ತೆಗೆಯುವ ರೀಲರ್‌ಗಳು ಸಾಲುಸಾಲಾಗಿ ಬಂದು ಟ್ರೇಯೊಳಗೆ ಮೊಣಕೈವರೆಗೆ ಕೈ ಹಾಕಿ, ತಳದ ಗೂಡು ಮೇಲೆ ತಂದು ನೋಡುತ್ತಾರೆ. ಅಂಥ ಹೊತ್ತಿನಲ್ಲಿ ರೈತ ಅಲ್ಲಿಲ್ಲದಿದ್ದರೆ ಒಳ್ಳೆಯ ಗೂಡಿಗೂ ಹೆಸರು ಕೆಡುತ್ತದೆ. ಹೊಂಬಾಳಮ್ಮ ಹರವಲು ಅನುಕೂಲವಾಗಲೆಂದು ಸೆರಗನ್ನು ಮಗುವಿನ ಬೆಲ್ಟಿನಿಂದ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿದಳು. ಎರಡೂ ಕೈಗೆ ಕೆಲಸವಿತ್ತು. ಖಾಲಿ ಚೀಲವನ್ನು ಕಾಲ ಬುಡದಲ್ಲಿ ಹಾಸಿ ಸಿರಿಯನ್ನು ಕೂರಿಸಿ, ಇಲ್ಲಿಂದ ಎದ್ದರೆ ನೋಡು ಎಂದು ಕಣ್ಣು ಬಿಟ್ಟಳು. ಮಗು ತಲೆಯಾಡಿಸಿತು.

ಒಬ್ಬ ರೀಲರ್ ಬಂದ. ಒಂದು ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಮೆದುವಾಗಿದೆಯಲ್ಲಮ್ಮ ಎಂದು ಮೂಗು ಮುರಿದ. ಹೊಂಬಾಳಮ್ಮನಿಗೆ ರೇಗಿತು. ಹುಳ ಹಣ್ಣಾಗಿ ಗೂಡು ಕಟ್ಟಲು ಬಂದಾಗ ಒಂದೊಂದನ್ನೂ ಆರಿಸಿ ಚಂದ್ರಿಕೆಗೆ ಬಿಟ್ಟವಳು ನಾನು, ಇನ್ನೊಂದು ಸಲ ಅಲ್ಲಾಡಿಸಿ ನೋಡು ಎಂದು ವಾದಕ್ಕೆ ನಿಂತಳು. ವಾದದಲ್ಲಿ ಗೆದ್ದಳು ಕೂಡ. ಗೆದ್ದು ಕೆಳಗೆ ನೋಡಿದರೆ ಚೀಲ ಮಾತ್ರ ಇತ್ತು.

ಮೊದಲು ಟ್ರೇ ಕೆಳಗೆ ಬಗ್ಗಿ ನೋಡಿದಳು. ಆಮೇಲೆ ಪಕ್ಕದ ಟ್ರೇ ಕೆಳಗೆ. ಆ ಸಾಲಿನ ಉದ್ದಕ್ಕೂ ನಡೆದಳು, ಮುಂದಿನ ಸಾಲಿನಲ್ಲಿ ಓಡಿದಳು. ಎಲ್ಲಿ ನೋಡಿದರೂ ಪಂಚೆ, ಪ್ಯಾಂಟು, ಚೀಲ ಹೊತ್ತ ಹಮಾಲರ ಕಾಲು. ನಾಲ್ಕು ವರ್ಷದ ಮಗು ಆ ಕಾಲುಗಳ ನಡುವೆ ಎಲ್ಲಿ ಕಾಣಬೇಕು? ಸಿರೀ, ಸಿರೀ ಎಂದು ಕೂಗಿದಳು. ಗೇಟಿನಾಚೆಯ ರಸ್ತೆ, ಅಲ್ಲಿ ನುಗ್ಗುವ ಲಾರಿ, ಬಾಗಿಲು ತೆರೆದು ನಿಂತ ಯಾವುದೋ ಬಿಳಿ ವ್ಯಾನು, ಲತಾಮಣಿ ತೋರಿಸಿದ್ದ ಹಾಳು ವಿಡಿಯೋಗಳು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಗೂಡು ಮಣ್ಣು ಪಾಲಾಗಲಿ, ನನ್ನ ಪ್ರಾಣ ಬೇಕಾದರೆ ಹೋಗಲಿ, ಆ ಮಗು ಒಂದು ಸಿಗಲಿ ಎಂದು ಅವಳು ಕಂಡ ದೇವರಿಗೆಲ್ಲ ಹೇಳಿಕೊಂಡಳು.

ಮೈಕಿನ ರೂಮಿಗೆ ಹೋಗು ಎಂದು ಯಾರೋ ದಾರಿ ತೋರಿಸಿದರು. ಮೈಕಿನವನು ಮಗುವಿನ ಹೆಸರು, ವಯಸ್ಸು, ಫ್ರಾಕಿನ ಬಣ್ಣ ಕೇಳಿ, ಯಾರ ಮಗು ಎಂದ. "ನನ್ ಮಗ್ಳು" ಎಂದಳು. ಮೈದುನನ ಮಗಳು, ಓರಗಿತ್ತಿ ಹೆತ್ತದ್ದು, ನಾನು ಸಾಕಿದ್ದು ಎಂದು ವಂಶವೃಕ್ಷ ಬಿಡಿಸಿ ಹೇಳುವ ಹೊತ್ತೇ ಅದು? ನಮ್ಮ ಕಡೆ ಅಣ್ಣತಮ್ಮಂದಿರ ಮಕ್ಕಳನ್ನು ಯಾರು ಬೇರೆ ಮಾಡಿ ಹೇಳುತ್ತಾರೆ? ಮೈಕು ಗರಗರ ಎಂದು ಮಾರುಕಟ್ಟೆಯ ಉದ್ದಗಲಕ್ಕೂ ಸಾರಿತು: ಸಿರಿ ಎಂಬ ಹೆಣ್ಣುಮಗು ತಪ್ಪಿಸಿಕೊಂಡಿದೆ, ತಾಯಿ ಹೊಂಬಾಳಮ್ಮ ಆಫೀಸಿನ ಹತ್ತಿರ ಕಾಯುತ್ತಿದ್ದಾರೆ. ತಾಯಿ ಹೊಂಬಾಳಮ್ಮ. ಅಷ್ಟು ಭಯದ ನಡುವೆಯೂ ಆ ಎರಡು ಮಾತು ಜೊತೆಯಾಗಿ ಕೇಳಿದ್ದು ಅವಳಿಗೆ ಒಳಗೆಲ್ಲೋ ಹಿತವಾಯಿತು. ಇದನ್ನು ಅವಳು ಆಮೇಲೆ ಯಾರ ಹತ್ತಿರವೂ ಹೇಳಲಿಲ್ಲ.

ಸ್ವಲ್ಪ ಹೊತ್ತಿಗೆ ಮೆಹ್ರೀನ್ ಎಂಬ ಹೆಂಗಸು ಮಗುವನ್ನು ಕರೆದುಕೊಂಡು ಬಂದಳು. ನೆಲಕ್ಕೆ ಚೆಲ್ಲಿದ ಗೂಡು ಆರಿಸಿ ಬದುಕುವವಳು ಅವಳು. ಸಿರಿಯ ಫ್ರಾಕಿನ ಮಡಿಲ ತುಂಬ ಗೂಡು. ಮನೆಯಲ್ಲಿ ಚಂದ್ರಿಕೆಯಿಂದ ಉದುರಿದ ಗೂಡನ್ನು ಆರಿಸಿ ದೊಡ್ಡಮ್ಮನಿಗೆ ತಂದುಕೊಡುವುದು ಅದರ ಕೆಲಸ. ಇಲ್ಲಿಯೂ ಚೆಲ್ಲಿದ ಗೂಡು ಕಂಡು, ಒಂದೊಂದೇ ಆರಿಸುತ್ತ ಸಾಲು ದಾಟಿ ಹೋಗಿತ್ತು. ಹೊಂಬಾಳಮ್ಮ ಎರಡೂ ಕೈ ಚಾಚಿ ಓಡಿದಳು. ಮೆಹ್ರೀನ್ ಮಗುವನ್ನು ತನ್ನ ಬೆನ್ನ ಹಿಂದಕ್ಕೆ ಸರಿಸಿಕೊಂಡಳು.

"ಒಸಿ ಇರಕ್ಕ," ಎಂದಳು. ಬಗ್ಗಿ ಮಗುವನ್ನು ಕೇಳಿದಳು. "ಪುಟ್ಟಾ, ಇವ್ರು ನಿಮ್ಮಮ್ಮನಾ?"

ಸಿರಿ ಹೊಂಬಾಳಮ್ಮನನ್ನು ನೋಡಿತು. ಪಾಠ ಶುರುವಾಗಿದೆ ಎಂದುಕೊಂಡಿತು. ನೆಟ್ಟಗೆ ನಿಂತು ಕಣ್ಣು ಮುಚ್ಚಿಕೊಂಡಿತು.

"ಅಲ್ಲ. ನಮ್ಮಮ್ಮನ ಹೆಸ್ರು ಲತಾಮಣಿ. ಬಿಡದಿ ಫ್ಯಾಕ್ಟ್ರಿಲಿ ಅವ್ರೆ. ಇವ್ರು ದೊಡ್ಡಮ್ಮ."

ಆಮೇಲೆ ಹತ್ತು ಅಂಕಿಯನ್ನೂ ರಾಗವಾಗಿ ಹೇಳಿ, ಕಣ್ಣು ಬಿಟ್ಟು, ಮಿಠಾಯಿಗಾಗಿ ಕೈ ಚಾಚಿತು. ಒಂದು ಕಡೆಯೂ ಎಡವಿರಲಿಲ್ಲ.

ಜನ ಸೇರಿದರು. ಜನ ಸೇರಲು ಇಂಥದ್ದಕ್ಕಿಂತ ಇನ್ನೇನು ಬೇಕು? ಒಬ್ಬ ಆಗಲೇ ಫೋನು ಎತ್ತಿ ಹಿಡಿದು ವಿಡಿಯೋ ಮಾಡತೊಡಗಿದ್ದ. ದೊಡ್ಡಮ್ಮ ಅಂತ ಮಗು ದಾರಿಯಲ್ಲಿ ಹೋಗುವವರನ್ನೂ ಕರೆಯುತ್ತದೆ ಎಂದು ಇನ್ನೊಬ್ಬ ಹೇಳಿದ. ಗೇಟಿನ ಕಾವಲಿನವನು ಮುಂದೆ ಬಂದು ಹೊಂಬಾಳಮ್ಮ ಓಡಿಹೋಗದಂತೆ ಹಿಡಿದುಕೊಂಡ. ಅವನೂ ಕೈ ಹಿಡಿಯಲಿಲ್ಲ, ಮಣಿಕಟ್ಟು ಹಿಡಿದ.

"ದೊಡ್ಡಮ್ಮ ಆದ್ರೆ ತಾಯಿ ಅಂತ ಯಾಕಮ್ಮ ಹೇಳ್ದೆ ಮೈಕ್ನಲ್ಲಿ?" ಎಂದು ಕೇಳಿದ.

ಕೇಳಬೇಕಾದ ಪ್ರಶ್ನೆಯೇ. ಬಾಯಿ ತಪ್ಪಿ ಬಂತು ಎಂದು ಹೊಂಬಾಳಮ್ಮ ಹೇಳಬಹುದಿತ್ತು. ಬಾಯಿ ತಪ್ಪಿರಲಿಲ್ಲ. ಗಂಡನ ನಂಬರು ಹೇಳಿದಳು. ಮಾಡಿ ನೋಡಿದರೆ ಸಿಗಲಿಲ್ಲ. ಸಿಕ್ಕಿದ್ದರೂ ಅವಳು ಹೇಳಿದ ನಂಬರಿಗೆ ಬೆಲೆ ಇಲ್ಲ, ಮಗು ಹೇಳಿದ ನಂಬರೇ ನಂಬರು ಎಂದು ಮೆಹ್ರೀನ್ ಹಟ ಹಿಡಿದಳು. ತಾನೂ ಹೆತ್ತವಳು, ಗುರುತಿಲ್ಲದ ಕೈಗೆ ಹೇಗೆ ಕೊಡಲಿ ಎಂದಳು. ಅವಳ ಜಾಗದಲ್ಲಿದ್ದರೆ ಹೊಂಬಾಳಮ್ಮನೂ ಅದನ್ನೇ ಮಾಡುತ್ತಿದ್ದಳು, ಅದೇ ಅವಳನ್ನು ಹೆಚ್ಚು ಸುಟ್ಟಿತು. ಲತಾಮಣಿಯ ಫೋನು ಹೊಡೆದುಕೊಂಡು ನಿಂತುಹೋಯಿತು. ಕಾರ್ಖಾನೆಯಲ್ಲಿ ಫೋನನ್ನು ಲಾಕರಿನಲ್ಲಿ ಇಟ್ಟು ಒಳಗೆ ಹೋಗಬೇಕು, ಟೀ ಬಿಡುವಿನವರೆಗೆ ಯಾರೂ ಎತ್ತುವುದಿಲ್ಲ. ಅಲ್ಲಿಯವರೆಗೆ ಹೊಂಬಾಳಮ್ಮ ಕಳ್ಳಿಯ ಹಾಗೆ ನಿಂತಿದ್ದಳು. ಮೆಹ್ರೀನಳ ತೊಡೆಯ ಮೇಲೆ ಕೂತು ಸಿರಿ ಬಿಸ್ಕತ್ತು ತಿನ್ನುತ್ತಿತ್ತು, ಆಗಾಗ ಇತ್ತ ನೋಡಿ, ಮಿಠಾಯಿ ಯಾಕೆ ಕೊಡಲಿಲ್ಲ ಎಂದು ಮುಖ ಊದಿಸುತ್ತಿತ್ತು.

ಕೊನೆಗೆ ಲತಾಮಣಿಯೇ ವಾಪಸು ಫೋನು ಮಾಡಿದಳು. ಕಾವಲಿನವನು ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿ, ನಡೆದದ್ದನ್ನು ಹೇಳಿ, ಹೊಂಬಾಳಮ್ಮ ಅನ್ನೋರು ಗೊತ್ತೇ ಎಂದ.

"ಗೊತ್ತು ಸಾರ್, ನಮ್ಮಕ್ಕನೇ. ನನ್ ಮಗೀನ ನೋಡ್ಕಳದು ಅವ್ರೇಯ."

ಕಾವಲಿನವನ ಹಿಡಿತ ಸಡಿಲವಾಯಿತು. ಹೊಂಬಾಳಮ್ಮ ಕೈ ಬಿಡಿಸಿಕೊಂಡು ಮಗುವಿನ ಕಡೆ ಒಂದು ಹೆಜ್ಜೆ ಇಟ್ಟಳು. ಫೋನಿನಲ್ಲಿ ಮಾತು ಮುಗಿದಿರಲಿಲ್ಲ.

"ಸಾರ್, ತಾಯಿ ಅಂತ ಅವ್ರೇ ಹೇಳುದ್ರಾ?"

ಹೌದಮ್ಮ, ಇಡೀ ಮಾರುಕಟ್ಟೆ ಕೇಳಿದೆ ಎಂದ ಕಾವಲಿನವನು.

"ಹಂಗಾದ್ರೆ ನಾನು ಬರಗಂಟ ಮಗೀನ ಅವ್ರ ಕೈಗೆ ಕೊಡ್ಬೇಡಿ ಸಾರ್. ಈಗ್ಲೇ ಹೊಂಟು ಬತ್ತೀನಿ."

ಹೊಂಬಾಳಮ್ಮನ ಹೆಜ್ಜೆ ಅಲ್ಲೇ ನಿಂತಿತು. ಜನಕ್ಕೆ ಇನ್ನು ನೋಡಲು ಏನೂ ಉಳಿಯಲಿಲ್ಲ, ಚೆದುರಿದರು. ಕಳ್ಳಿ ಅಲ್ಲ ಎಂದು ತೀರ್ಮಾನವಾಗಿತ್ತಲ್ಲ, ಅಷ್ಟು ಸಾಕಿತ್ತು ಅವರಿಗೆ. ಮೆಹ್ರೀನ್ ಮಾತ್ರ ತಲೆ ತಗ್ಗಿಸಿ, ಬೇಜಾರು ಮಾಡ್ಕಬೇಡಕ್ಕ ಎಂದು ಮೆಲ್ಲಗೆ ಅಂದಳು. ಅಷ್ಟರಲ್ಲಿ ಉಳಿದ ಚೀಲಗಳೊಡನೆ ಅಶ್ವಥ್ ಬಂದ. ಬಂದವನೇ ಗೂಡಿನ ಹತ್ತಿರ ಯಾರೂ ಇಲ್ಲ, ಕಂಡಕಂಡವರು ಕೈ ಹಾಕಿ ಕದಡಿ ಹೋಗಿದ್ದಾರೆ, ಎಲ್ಲಿ ಹಾಳಾಗಿ ಹೋಗಿದ್ದೆ ಎಂದು ರೇಗಿದ. ನಡೆದದ್ದನ್ನು ಕಾವಲಿನವನು ಹೇಳಿದ. ಕೇಳಿಸಿಕೊಂಡು ಅಶ್ವಥ್ ಹೆಂಡತಿಯ ಮುಖ ನೋಡದೆ ಟ್ರೇಯ ಕಡೆಗೆ ಹೋದ.

ಲತಾಮಣಿ ನೀಲಿ ಯೂನಿಫಾರ್ಮಿನಲ್ಲೇ ಬಂದಳು. ಬೈಯಲಿಲ್ಲ. ಬೈದಿದ್ದರೆ ಹೊಂಬಾಳಮ್ಮನೂ ನಾಲ್ಕು ಮಾತು ಆಡಿ ಹಗುರವಾಗುತ್ತಿದ್ದಳು. ಮಗುವನ್ನು ಎತ್ತಿ ಅಪ್ಪಿಕೊಂಡು, ಅದರ ತಲೆಯ ಮೇಲಿಂದ ಓರಗಿತ್ತಿಯನ್ನು ನೋಡಿ, ಬಿಡದಿಯಲ್ಲೇ ಒಂದು ಬೇಬಿ ಸಿಟ್ಟಿಂಗ್ ಐತೆ, ನಾಳೆಯಿಂದ ಅಲ್ಲಿಗೆ ಬುಡ್ತೀನಿ ಅಂತಿದ್ದೀನಿ ಅಕ್ಕ, ನಿಮ್ಗೂ ಕೆಲಸ ಜಾಸ್ತಿ ಎಂದಳು. ಹೊಂಬಾಳಮ್ಮ ಹೂಂ ಎಂದಳು.

"ಅಮ್ಮಾ," ಎಂದಿತು ಸಿರಿ, "ನಾನು ಎಲ್ಲಾ ಸರ್ಯಾಗ್ ಹೇಳ್ದೆ. ದೊಡ್ಡಮ್ಮ ಮಿಠಾಯೇ ಕೊಡ್ಲಿಲ್ಲ."

ಹೊಂಬಾಳಮ್ಮ ಸೊಂಟದಿಂದ ಸೆರಗು ತೆಗೆದು ಗಂಟು ಬಿಚ್ಚಿದಳು. ಬೆವರಿಗೆ ಮೆತ್ತಗಾದ ಮಿಠಾಯಿ ಬಟ್ಟೆಗೆ ಅಂಟಿಕೊಂಡಿತ್ತು, ಉಗುರಿನಿಂದ ಬಿಡಿಸಬೇಕಾಯಿತು. ಮಗು ಕೈ ಚಾಚಿತು. ಅವಳು ಅದನ್ನು ಲತಾಮಣಿಯ ಅಂಗೈಯಲ್ಲಿಟ್ಟಳು.

"ಇನ್ ಮ್ಯಾಲೆ ನೀನೇ ಕೇಳವ್ವ. ನೀನೇ ಕೊಡು."

ತಾಯಿ ಮಗಳು ಗೇಟಿನ ಕಡೆ ಹೊರಟರು. ಮಿಠಾಯಿ ಬಾಯಿಗೆ ಬಿದ್ದ ಮೇಲೆ ಸಿರಿ ಇಳಿದು ನಡೆಯುತ್ತೇನೆ ಎಂದು ಹಟ ಮಾಡಿತು, ಲತಾಮಣಿ ಇಳಿಸಿದಳು. ಫೋನು ಬಂತೆಂದು ಅವಳು ಒಂದು ಕೈಯಲ್ಲಿ ಅದನ್ನು ಕಿವಿಗಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಮಗುವಿನ ಎರಡು ಬೆರಳು ಹಿಡಿದಿದ್ದಳು. ಎರಡೇ ಬೆರಳು. ಗೇಟಿನಾಚೆ ರಸ್ತೆಯಲ್ಲಿ ಲಾರಿಗಳು ಹೋಗುತ್ತಿದ್ದವು. ಮಣಿಕಟ್ಟು ಹಿಡ್ಕೊ ಎಂದು ಕೂಗಲು ಹೊಂಬಾಳಮ್ಮ ಬಾಯಿ ತೆರೆದಳು. ಹೇಳಲು ತಾನು ಯಾರು ಎನಿಸಿ ಬಾಯಿ ಮುಚ್ಚಿಕೊಂಡಳು. ಕೆಂಪು ಫ್ರಾಕು ಜನರ ಕಾಲುಗಳ ನಡುವೆ ಒಮ್ಮೆ ಕಂಡಿತು, ಇನ್ನೊಮ್ಮೆ ಕಂಡಿತು, ಆಮೇಲೆ ಕಾಣಲಿಲ್ಲ.