ಹುಳುಕಿಲ್ಲದ ಹಲ್ಲು

ಟಾರ್ಚಕ್ಕ ಕರವಸ್ತ್ರದ ಗಂಟು ಬಿಚ್ಚಿ, ಹಲ್ಲನ್ನು ಡಾಕ್ಟರ ಮೇಜಿನ ಮೇಲಿಟ್ಟಳು.

"ಇದರಲ್ಲಿ ಹುಳುಕು ಎಲ್ಲಿದೆ, ತೋರಿಸಿ."

ಅಷ್ಟು ಹೇಳುವಷ್ಟರಲ್ಲಿ ಅವಳಿಗೆ ಏದುಸಿರು ಬಂದಿತ್ತು. ಹಲ್ಲಿನ ಕ್ಲಿನಿಕ್ಕು ಮೂರನೇ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ. ಹಿಂದೆಯೇ ಬಂದ ನಾದಿನಿ ಬಾಗಿಲಲ್ಲಿ ನಿಂತು, ಡಾಕ್ಟರತ್ತ ನೋಡಿ ಕ್ಷಮೆ ಕೇಳುವಂತೆ ನಕ್ಕಳು. ಆ ನಗೆಯನ್ನು ಟಾರ್ಚಕ್ಕ ಗಮನಿಸಿದಳು. ಹೋದ ವಾರ ಇಲ್ಲಿಗೆ ಕರೆತಂದವಳೂ ಇವಳೇ. ಇಬ್ಬರ ನಡುವೆ ಏನೋ ಇದೆ.

ಬಟ್ಟೆ ಮಿಲ್ಲಿನಲ್ಲಿ ಇಪ್ಪತ್ತಾರು ವರ್ಷದಿಂದ ಅವಳದು ಒಂದೇ ಕೆಲಸ. ಗಾಜಿನ ಕೆಳಗೆ ದೀಪ ಉರಿಯುವ ಮೇಜಿನ ಮೇಲೆ ನೇಯ್ದ ಬಟ್ಟೆ ಸರಿಯುತ್ತ ಹೋಗುತ್ತದೆ. ಎಳೆ ತಪ್ಪಿದಲ್ಲಿ, ಗಂಟು ಉಳಿದಲ್ಲಿ ಅವಳು ಸೀಮೆಸುಣ್ಣದಿಂದ ಗೆರೆ ಎಳೆದು ಚೀಟಿ ಬರೆಯುತ್ತಾಳೆ. ಆ ಚೀಟಿಗೆ ಮಗ್ಗದವರು ಸಹಿ ಹಾಕಬೇಕು. ಇಷ್ಟು ವರ್ಷದಲ್ಲಿ ಒಬ್ಬರೂ ಸುಮ್ಮನೆ ಸಹಿ ಹಾಕಿದ್ದಿಲ್ಲ. ನೂಲು ಸರಿಯಿರಲಿಲ್ಲ, ಕರೆಂಟು ಹೋಗಿತ್ತು, ಇದು ಹಿಂದಿನ ಪಾಳಿಯವರದ್ದು. ಮೇಸ್ತ್ರಿ ಬಂದು ಗದರಿದ ಮೇಲೆಯೇ ಪೆನ್ನು ಹಿಡಿಯುವುದು. ಟಾರ್ಚಕ್ಕ ಎಂಬ ಹೆಸರನ್ನು ಇಟ್ಟವರೂ ಆ ಮಗ್ಗದವರೇ.

ಕಿತ್ತ ಹಲ್ಲನ್ನು ಆ ದೀಪದ ಮೇಲಿಟ್ಟು ಎರಡು ದಿನ ಊಟದ ಬಿಡುವಿನಲ್ಲಿ ನೋಡಿದ್ದಳು. ಒಂದು ಚುಕ್ಕೆಯೂ ಇರಲಿಲ್ಲ. ದವಡೆಯ ನೋವು ಮಾತ್ರ ಇದ್ದ ಹಾಗೇ ಇತ್ತು.

ಡಾಕ್ಟರ್ ಚಿಕ್ಕ ವಯಸ್ಸಿನ ಹೆಂಗಸು. ಹಲ್ಲನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

"ಹುಳುಕಿಲ್ಲ," ಎಂದರು.

ಜಗಳಕ್ಕೆ ಸಿದ್ಧವಾಗಿ ಬಂದಿದ್ದ ಟಾರ್ಚಕ್ಕ ಎದುರಿನ ಕುರ್ಚಿಯಲ್ಲಿ ಕುಳಿತಳು. ಇಷ್ಟು ಬೇಗ ಒಪ್ಪಿಕೊಳ್ಳಬೇಕಾದರೆ ಇದರ ಹಿಂದೆ ಬೇರೇನೋ ಇರಬೇಕು.

"ಮತ್ಯಾಕೆ ಕಿತ್ರಿ?"

"ಅತ್ತಿಗೆ, ಕೀಳಿ ಕೀಳಿ ಅಂತ ಕೂತಿದ್ದು ನೀವೇ ತಾನೇ?" ಎಂದಳು ನಾದಿನಿ. "ಎಕ್ಸ್‌ರೇ ತೆಗೀತೀನಿ ಅಂತ ಡಾಕ್ಟ್ರು ಅಂದ್ರೆ, ಅದೆಲ್ಲ ನಿಮ್ಮ ನಾಟಕ ಅಂದ್ರಿ."

"ನೀನು ಯಾರ ಕಡೆಯವಳೇ?"

"ನಾನು ಹಲ್ಲಿನ ಕಡೆ. ಪಾಪ, ಏನೂ ತಪ್ಪು ಮಾಡದೆ ಹೊರಗೆ ಬಂತು."

ಡಾಕ್ಟರ್ ನಗಲಿಲ್ಲ. ಟಾರ್ಚಕ್ಕ ದವಡೆಗೆ ಒತ್ತಿಕೊಂಡಿದ್ದ ಕೈಯನ್ನೇ ನೋಡುತ್ತಿದ್ದರು.

"ಈಗ ನೋವಿದೆಯಾ?"

"ಇತ್ತು. ಇಳೀತಾ ಇದೆ."

"ಅಗಿಯುವಾಗ ಬರುತ್ತಾ? ತಣ್ಣೀರು ಕುಡಿದ್ರೆ?"

"ಇಲ್ಲ."

"ಮತ್ತೆ ಯಾವಾಗ?"

ಕೇಳುವವರ ಉದ್ದೇಶ ತಿಳಿಯದೆ ಉತ್ತರ ಕೊಡುವವಳಲ್ಲ ಟಾರ್ಚಕ್ಕ.

"ಮೆಟ್ಟಿಲು ಹತ್ತುವಾಗ ಅಲ್ಲಲ್ಲಿ ನಿಂತು ಗೋಡೆ ನೋಡ್ತಾರೆ ಡಾಕ್ಟ್ರೇ," ಎಂದಳು ನಾದಿನಿ. "ನಾನು ಗೋಡೆಗೂ ಚೀಟಿ ಬರೀತಾರೇನೋ ಅಂದ್ಕೊಂಡಿದ್ದೆ."

"ಮೆಟ್ಟಿಲು ಹತ್ತಿದ್ರೆ ಹಲ್ಲು ನೋಯಲ್ಲ. ಕೂತ ತಕ್ಷಣ ಇಳಿಯೋದೂ ಇಲ್ಲ," ಎಂದರು ಡಾಕ್ಟರ್. "ಅಮ್ಮಾ, ನಿಮಗೆ ಮುಟ್ಟು ನಿಂತು ಎಷ್ಟು ದಿನ ಆಯ್ತು?"

ಟಾರ್ಚಕ್ಕ ಚೀಲವನ್ನು ಮಡಿಲಿಗೆ ಎಳೆದುಕೊಂಡಳು. "ಹಲ್ಲಿಗೂ ಅದಕ್ಕೂ ಏನು ಸಂಬಂಧ?"

"ಹಲ್ಲಿಗಿಲ್ಲ. ಹೃದಯಕ್ಕಿದೆ."

"ಮೂರು ವರ್ಷ ಆಯ್ತು," ಎಂದಳು ನಾದಿನಿ. ಅವಳ ದನಿಯಲ್ಲಿ ಈಗ ತಮಾಷೆಯಿರಲಿಲ್ಲ. "ಬೆವರು, ನಿದ್ದೆ ಇಲ್ಲ. ಈಚೆಗೆ ವಿಪರೀತ ಸುಸ್ತು. ಎಲ್ಲಾ ಆ ವಯಸ್ಸಿಂದು ಅಂತ ಸುಮ್ನಿದ್ವಿ."

"ಮುಟ್ಟು ಇರೋವರೆಗೆ ಮೈಯಲ್ಲಿ ಒಂದು ಹಾರ್ಮೋನ್ ರಕ್ತನಾಳಗಳನ್ನ ಸ್ವಲ್ಪ ಕಾಯ್ತಿರುತ್ತೆ. ನಿಂತ ಮೇಲೆ ಆ ಕಾವಲು ಕಡಿಮೆ ಆಗುತ್ತೆ. ಬಿಪಿ ಏರುತ್ತೆ, ನಾಳದ ಒಳಗೆ ಕೊಬ್ಬು ಕೂರುತ್ತೆ."

"ಮೂವತ್ತೈದು ವರ್ಷ ತಿಂಗಳು ತಿಂಗಳು ನನ್ನ ಪ್ರಾಣ ತಿಂತು ಅದು. ಈಗ ನೋಡಿದ್ರೆ ಅದೇ ನನ್ನ ಕಾಯ್ತಿತ್ತು ಅಂತೀರಿ!"

"ಎರಡೂ ನಿಜ."

"ನಮ್ಮನೆಯವರಿಗೆ ಹಾರ್ಟ್ ಆಪರೇಷನ್ ಆಗಿದೆ. ಎದೆ ಹಿಡ್ಕೊಂಡು ನೆಲಕ್ಕೆ ಕೂತ್ಬಿಟ್ಟಿದ್ರು. ಹೇಗಿರುತ್ತೆ ಅಂತ ನಾನು ಕಣ್ಣಾರೆ ನೋಡಿದೀನಿ. ನನಗೆ ಎದೆ ನೋಯಲ್ಲ."

"ಹೆಂಗಸರಿಗೆ ಎಷ್ಟೋ ಸಲ ಎದೇಲಿ ಗೊತ್ತಾಗಲ್ಲಮ್ಮ. ದವಡೆ, ಬೆನ್ನು, ಬರೀ ಸುಸ್ತು. ನಾನು ಹಲ್ಲಿನ ಡಾಕ್ಟ್ರು, ಇದೇ ಅಂತ ಖಚಿತವಾಗಿ ಹೇಳಕ್ಕಾಗಲ್ಲ. ಆದರೆ ನೀವು ಇವತ್ತೇ ತೋರಿಸ್ಕೋಬೇಕು. ನಾಳೆ ಅನ್ಬೇಡಿ."

ಡಾಕ್ಟರ್ ಒಂದು ಪತ್ರ ಬರೆದು ಲಕೋಟೆಗೆ ಹಾಕಿ ಅಂಟಿಸಿದರು. ರಸ್ತೆಯಾಚೆಗಿನ ಆಸ್ಪತ್ರೆಯಲ್ಲಿ ಕೊಡುವಂತೆ ಹೇಳಿ, ನಿಧಾನವಾಗಿ ಇಳಿಸಿ ಎಂದು ನಾದಿನಿಗೆ ಪಿಸುಗುಟ್ಟಿದರು. ಆ ಪಿಸುಮಾತೂ ಟಾರ್ಚಕ್ಕನ ಕಿವಿಗೆ ಬಿತ್ತು.

ಮೊದಲ ಮಹಡಿಗೆ ಇಳಿಯುವ ಹೊತ್ತಿಗೆ ಅವಳಿಗೆ ಎಲ್ಲ ಅರ್ಥವಾಗಿತ್ತು.

"ಒಳ್ಳೇ ಹಲ್ಲು ಕಿತ್ತಿದ್ದು ಬೈಲಾಗಬಾರದು ಅಂತ ಹಾರ್ಟು ಗೀರ್ಟು ಅಂತ ಹೆದರಿಸ್ತಿದಾಳೆ. ಇಲ್ಲದಿದ್ರೆ ಲಕೋಟೆ ಅಂಟಿಸಿದ್ದು ಯಾಕೆ? ನಿನಗೇನು ಸಿಗುತ್ತೆ ಇದರಲ್ಲಿ?"

"ಏನು ಸಿಗುತ್ತೆ? ಅತ್ತಿಗೆ ಸಿಗ್ತಾರೆ," ಎಂದಳು ನಾದಿನಿ. "ಇನ್ನೊಂದಷ್ಟು ವರ್ಷ ಬೈಸ್ಕೊಳ್ಳೋಕೆ."

ಟಾರ್ಚಕ್ಕ ಕಿಟಕಿಯ ಬಳಿ ನಿಂತು ಲಕೋಟೆಯನ್ನು ಬೆಳಕಿಗೆ ಹಿಡಿದಳು. ಏನೂ ಕಾಣಲಿಲ್ಲ. ಉಗುರು ತೂರಿಸಿ ಬಿಡಿಸಿದಳು.

ಪತ್ರದಲ್ಲಿ ಐದೇ ಸಾಲುಗಳಿದ್ದವು. ಶ್ರಮವಾದಾಗ ದವಡೆ ನೋವು, ಕುಳಿತರೆ ಶಮನ. ಮುಟ್ಟು ನಿಂತು ಮೂರು ವರ್ಷ. ನಾನು ಕಿತ್ತ ಹಲ್ಲು ಆರೋಗ್ಯವಾಗಿತ್ತು. ನೋವು ಯಾವಾಗ ಬರುತ್ತದೆಂದು ಕೇಳದೆ ಕಿತ್ತದ್ದು ನನ್ನ ತಪ್ಪು. ಹೃದಯದ ನೋವಿರಬಹುದೆಂಬ ಅನುಮಾನವಿದೆ, ದಯವಿಟ್ಟು ಈಗಲೇ ಪರೀಕ್ಷಿಸಿ. ಕೆಳಗೆ ಪೂರ್ತಿ ಹೆಸರು, ಸಹಿ.

ನಾಲ್ಕನೆಯ ಸಾಲನ್ನು ಅವಳು ಮತ್ತೆ ಓದಿದಳು. ಹಾಳೆಯನ್ನು ಮಗುಚಿ ನೋಡಿದಳು. ಹಿಂದೆ ಏನೂ ಇರಲಿಲ್ಲ. ಯಾರೂ ಕೂಗಾಡಿರಲಿಲ್ಲ, ಮೇಸ್ತ್ರಿ ಬಂದು ಗದರಿರಲಿಲ್ಲ. ಅವಳು ಸಹಿಯ ಮೇಲೆ ಒಮ್ಮೆ ಹೆಬ್ಬೆರಳು ಆಡಿಸಿದಳು. ಶಾಯಿ ಇನ್ನೂ ಪೂರ್ತಿ ಒಣಗಿರಲಿಲ್ಲ.

"ಅತ್ತಿಗೆ?"

"ನಡಿ," ಎಂದಳು. "ರಸ್ತೆ ದಾಟೋಣ."

ಆಸ್ಪತ್ರೆಯಲ್ಲಿ ಅವಳನ್ನು ಮಲಗಿಸಿ ಎದೆಗೂ ಕೈಕಾಲಿಗೂ ತಂತಿ ಹಚ್ಚಿದರು. ಯಂತ್ರದಿಂದ ಹೊರಬಂದ ಹಾಳೆಯನ್ನು ನರ್ಸ್ ಹರಿದುಕೊಂಡು ಒಮ್ಮೆ ನೋಡಿ ಹೊರಗೆ ಹೋದಳು. ಬಿರುಸಾದ ಹೆಜ್ಜೆ ಸದ್ದು ದೂರವಾಯಿತು. ತಿರುಗಿ ಬರುವಾಗ ಗಾಲಿಕುರ್ಚಿ ತಳ್ಳಿಕೊಂಡು ಬಂದಳು.

"ನಾನು ನಡ್ಕೊಂಡೇ ಬಂದಿದ್ದು," ಎಂದಳು ಟಾರ್ಚಕ್ಕ.

"ಗೊತ್ತಮ್ಮ. ಇನ್ನು ನಡೀಬೇಡಿ."

ಟಾರ್ಚಕ್ಕ ನರ್ಸಿನ ಮುಖವನ್ನು ನೋಡಿದಳು. ಆಮೇಲೆ ಕುರ್ಚಿಗೆ ಇಳಿದು ಕುಳಿತಳು. ನರ್ಸ್ ಬಗ್ಗಿ ಕಾಲಿಡುವ ಎರಡು ಪಟ್ಟಿಗಳನ್ನು ಬಿಡಿಸಿದಳು. ಅವುಗಳ ಮೇಲೆ ಟಾರ್ಚಕ್ಕ ಒಂದು ಪಾದ ಇಟ್ಟಳು, ಆಮೇಲೆ ಇನ್ನೊಂದು.

ಮಂಚದಡಿ ಉಳಿದಿದ್ದ ಚಪ್ಪಲಿಗಳನ್ನು ನಾದಿನಿ ಎತ್ತಿಕೊಂಡಳು. ಒಂದಕ್ಕೊಂದು ತಟ್ಟಿ ಧೂಳು ಕೊಡವಿ, ಕಂಕುಳಲ್ಲಿ ಇರುಕಿಕೊಂಡು, ಕುರ್ಚಿಯ ಹಿಂದೆ ನಡೆದಳು.