ಹೊಲ ನೋಡಿ ಅಗಿ ಕೊಡುವ ಚನಬಸಪ್ಪ

ಚಿಗಳ್ಳಿಯ ಚನಬಸಪ್ಪ ಹೊಲ ನೋಡದೆ ಯಾರಿಗೂ ಉಳ್ಳಾಗಡ್ಡಿಯ ಅಗಿ ಕೊಟ್ಟವನಲ್ಲ. ಬೀಜದಿಂದ ಎಬ್ಬಿಸಿದ ಎಳೆಯ ಸಸಿಗೆ ಆ ಕಡೆ ಅಗಿ ಎನ್ನುತ್ತಾರೆ. ಮುಂಡಗೋಡದ ಸುತ್ತಿನಲ್ಲಿ ಅವನ ಸಸಿಮಡಿಯ ಅಗಿಯಷ್ಟು ಗಟ್ಟಿಯಾದದ್ದು ಬೇರೆಲ್ಲೂ ಸಿಗುತ್ತಿರಲಿಲ್ಲವಾದ್ದರಿಂದ, ಭತ್ತ ಕೊಯ್ದ ಗದ್ದೆಯನ್ನು ಹದಮಾಡಿ ಬಾವಿಯ ನೀರಿನ ಮೇಲೆ ಉಳ್ಳಾಗಡ್ಡಿ ಬೆಳೆಯುವ ಆಸೆಯಿದ್ದವರೆಲ್ಲ ಅವನ ಕಟ್ಟೆಗೆ ಬಂದು ಕೂಡಲೇಬೇಕಾಗಿತ್ತು. ಬಂದವರಿಗೆ ಚಹಾ ಸಿಗುತ್ತಿತ್ತು, ಅಗಿ ಸಿಗುತ್ತಿರಲಿಲ್ಲ. "ನೋಡೂಣಂತ" ಎನ್ನುತ್ತಿದ್ದ. ಅದು ಹಾರಿಕೆಯ ಮಾತಲ್ಲ. ಮರುದಿನವೋ ಅದರ ಮರುದಿನವೋ ಅವನು ನಿಜಕ್ಕೂ ನೋಡಲು ಹೊರಡುತ್ತಿದ್ದ.

ಹೊರಡುವಾಗ ಕೋಟು ಹಾಕಿಕೊಳ್ಳುವುದು ಅವನ ಪದ್ಧತಿ. ಯಾವ ಕಾಲದಲ್ಲೋ ಹಳಿಯಾಳದ ಸಂತೆಯಲ್ಲಿ ಕೊಂಡ ಕರಿಯ ಉಣ್ಣೆಯ ಕೋಟು ಅದು. ಹೊಲಿದವನು ಇನ್ನಾರೋ ದಪ್ಪ ಮನುಷ್ಯನನ್ನು ಮನಸ್ಸಿನಲ್ಲಿಟ್ಟುಕೊಂಡು ಹೊಲಿದಿದ್ದನಾದ್ದರಿಂದ ಚನಬಸಪ್ಪನ ಕೃಶ ಶರೀರ ಅದರೊಳಗೆ ಅತಿಥಿಯ ಹಾಗೆ ಸಂಕೋಚದಿಂದ ಇರುತ್ತಿತ್ತು. ನಡಿಗೆಯೂ ವಿಚಿತ್ರ. ಬಾಲ್ಯದಿಂದ ಮಡಿಗಳ ನಡುವಿನ ಇಕ್ಕಟ್ಟಾದ ಬದುವಿನ ಮೇಲೆಯೇ ಓಡಾಡಿದ ಕಾಲುಗಳು ಒಂದರ ಮುಂದೊಂದು, ಒಂದೇ ಗೆರೆಯ ಮೇಲೆ ಬೀಳುತ್ತಿದ್ದವು. ಮುಂಡಗೋಡದ ಪೇಟೆಯ ವಿಶಾಲವಾದ ರಸ್ತೆಯಲ್ಲಿಯೂ ಅವನು ಯಾವುದೋ ಅದೃಶ್ಯವಾದ ಸಸಿಯನ್ನು ತುಳಿಯಬಾರದೆಂಬಂತೆ ನಡೆಯುತ್ತಿದ್ದ. ಹೊಲಕ್ಕೆ ಬಂದವನೇ ಮೊದಲು ನೀರು ನಿಲ್ಲುವ ಮೂಲೆಯನ್ನು ಹುಡುಕುವನು, ಹೆಂಟೆಯೊಂದನ್ನು ಅಂಗೈಯಲ್ಲಿ ಪುಡಿಮಾಡುವನು, ಮೂಸುವನು, ಬಾವಿಗೆ ಇಣುಕುವನು. ಸಂಜೆಯ ನೀರು ಯಾರು ಬಿಡುತ್ತಾರೆ, ಕಳೆ ಯಾರು ತೆಗೆಯುತ್ತಾರೆ, ಮನೆಯಲ್ಲಿ ಹೆಂಗಸರು ಎಷ್ಟು ಜನ ಎಂದೆಲ್ಲ ವಿಚಾರಿಸುವನು. ಪಾಳಾ, ಸನವಳ್ಳಿ ಊರುಗಳವರು ಅವನು ದೂರದಲ್ಲಿ ಕಂಡಕೂಡಲೇ "ಬಂದ್ರವಾ ಬೀಗರು, ಚಾಪಿ ಹಾಸ್ರಿ" ಎಂದು ಒಳಗೆ ಕೂಗಿ ಹೇಳಿ ನಗುತ್ತಿದ್ದರು. ನಕ್ಕರೂ ಚಾಪೆ ಹಾಸುತ್ತಿದ್ದರು.

ಮುಂಡಗೋಡದ ಅರಿವೆ ಅಂಗಡಿಯ ನಾಗಲಿಂಗಪ್ಪ ಸನವಳ್ಳಿಯಲ್ಲಿ ಹೊಸದಾಗಿ ಜಮೀನು ಹಿಡಿದವನು, ಹತ್ತು ಜನರ ನಡುವೆ ದೊಡ್ಡ ದನಿಯಲ್ಲಿ ಮಾತಾಡಿ ಅಭ್ಯಾಸವಿದ್ದವನು. ಅವನ ಹೊಲವನ್ನು ಚನಬಸಪ್ಪ ಸುತ್ತುಹಾಕಿ ಬಂದು, "ಗೊಬ್ಬರ ಇನ್ನೂ ಬಿಸಿ ಐತ್ರಿ. ಬೇರು ಸುಡತೈತಿ. ಬರೂ ವರ್ಷ ನೋಡೂಣಂತ" ಎಂದ. ನಾಗಲಿಂಗಪ್ಪನಿಗೆ ರೇಗಿತು.

"ನಿನ್ನ ಮಗಳನ್ನ ಕೇಳಾಕತ್ತೇನೇನೋ ಚನಬಸಪ್ಪಾ? ಉಳ್ಳಾಗಡ್ಡಿ ಅಗಿ ಕೇಳಾಕತ್ತೇನಿ."

ಚನಬಸಪ್ಪ ಕೋಟಿನ ತೋಳಿಗೆ ಅಂಟಿದ ಮಣ್ಣನ್ನು ಕೊಡವಿಕೊಂಡು, ಒಂದೇ ಗೆರೆಯ ಮೇಲೆ ಹೆಜ್ಜೆ ಹಾಕುತ್ತ ಊರಿಗೆ ಹೋದ. ಮರುವರ್ಷ ಆ ಹೊಲಕ್ಕೆ ಅವನೇ ಕರೆಯದೆ ಹೋಗಿ ನೋಡಿ ಅಗಿ ಕೊಟ್ಟು ಬಂದನೆಂಬುದನ್ನೂ ಹೇಳಬೇಕು. ಮುನಿಸೆಂಬುದು ಅವನಲ್ಲಿ ಇರಲಿಲ್ಲ.

ಇಷ್ಟು ಬಿಗಿ ಯಾಕೆ ಎಂದು ಕೇಳುವವರು ಅವನ ಮಡಿಗಳನ್ನು ನೋಡಬೇಕಿತ್ತು. ಉಳ್ಳಾಗಡ್ಡಿಯ ಬೀಜ ಮಹಾ ಅಲ್ಪಾಯುಷಿ. ಒಂದು ವರ್ಷ ಕಳೆದರೆ ಅದರಲ್ಲಿ ಅರ್ಧ ಜೀವವೂ ಉಳಿಯುವುದಿಲ್ಲ. ಬಿತ್ತಿ, ಜರಡಿ ಹಿಡಿದ ಗೊಬ್ಬರವನ್ನು ತೆಳುವಾಗಿ ಉದುರಿಸಿ, ಮೇಲೆ ಭತ್ತದ ಹುಲ್ಲು ಮುಚ್ಚಿ, ಅದರ ಮೇಲೆ ನೀರು ಚಿಮುಕಿಸುತ್ತ ಕಾಯಬೇಕು. ಮೊಳಕೆ ಮೊದಲು ನೆಟ್ಟಗೆ ಏಳುವುದಿಲ್ಲ, ಬೆನ್ನು ಬಾಗಿಸಿಕೊಂಡು, ತಲೆಯನ್ನಿನ್ನೂ ಮಣ್ಣಿನಲ್ಲಿಯೇ ಇಟ್ಟುಕೊಂಡು ಮೇಲೆ ಬರುತ್ತದೆ. ಆ ಬಾಗಿದ ಬೆನ್ನುಗಳು ಕಂಡ ಸಂಜೆಯೇ ಹುಲ್ಲು ತೆಗೆಯಬೇಕು. ಒಂದು ದಿನ ತಡವಾದರೆ ಬಿಳಿಚಿಕೊಂಡು ಮಲಗಿಬಿಡುತ್ತವೆ, ಬೆಳಗ್ಗೆ ತೆಗೆದರೆ ಬಿಸಿಲಿಗೆ ಸುಟ್ಟುಹೋಗುತ್ತವೆ. ಕೀಳುವಾಗಲೂ ಹಾಗೆಯೇ: ಮಡಿ ನೆನೆಸಿ, ಎಲೆ ಹಿಡಿಯದೆ ಕುತ್ತಿಗೆಯ ಹತ್ತಿರ ಹಿಡಿದು ಎಬ್ಬಿಸಬೇಕು, ಕಟ್ಟು ಕಟ್ಟಿ ಒದ್ದೆ ಗೋಣಿಯಲ್ಲಿ ನಿಲ್ಲಿಸಬೇಕು, ಮಲಗಿಸಿದರೆ ಬೆಳಗಾಗುವುದರೊಳಗೆ ತುದಿಗಳು ಆಕಾಶದ ಕಡೆಗೆ ಸೊಟ್ಟಗೆ ತಿರುಗಿರುತ್ತವೆ. ಇಷ್ಟೆಲ್ಲ ಮಾಡಿ ಸಾಕಿದ್ದನ್ನು ಕಂಡ ಕಂಡ ಮಣ್ಣಿಗೆ ಕೊಡುವುದು ಹೇಗೆ ಎಂಬುದು ಅವನ ವಾದ. ವಾದವಾದರೂ ಅವನು ಅದನ್ನು ಬಾಯಿಬಿಟ್ಟು ಮಂಡಿಸಿದವನಲ್ಲ. ಹೆಂಡತಿ ಶಿವವ್ವ ಅವನ ಪರವಾಗಿ ಬಂದವರಿಗೆ ಹೇಳುತ್ತಿದ್ದಳು.

ಈ ಕೆಲಸದಲ್ಲಿ ಅವನಿಗೆ ಸರಿಸಮನಾದ ಕೈ ಒಂದೇ, ಮಗಳು ಗುರುಸಿದ್ದವ್ವನದು. ಅವಳು ಕಿತ್ತ ಅಗಿಯಲ್ಲಿ ಹರಿದ ಬೇರು ಕಾಣುತ್ತಿರಲಿಲ್ಲ. ದನಿಯೂ ದೊಡ್ಡದು, ಮಡಿಯ ಈ ತುದಿಯಿಂದ ಕೂಗಿದರೆ ಬಾವಿಯ ಆಚೆಯ ಎತ್ತು ಕಿವಿ ನಿಮಿರಿಸುತ್ತಿತ್ತು. ದಾಂಡೇಲಿಯಲ್ಲಿ ಕಾಗದದ ಗಿರಣಿ ಶುರುವಾಗಿ ಒಂದೆರಡು ವರ್ಷವಾಗಿದ್ದಾಗ, ಧಾರವಾಡದ ಕಡೆಯಿಂದ ಬಂದು ಅಲ್ಲಿ ಕೆಲಸಕ್ಕೆ ನಿಂತ ಕರಿಬಸಪ್ಪನ ಮನೆಯವರು ಅವಳನ್ನು ನೋಡಿ ಒಪ್ಪಿಕೊಂಡು, "ಮನಿ ನೋಡಾಕ ಬರ್ರಿ" ಎಂದು ಪದ್ಧತಿಯಂತೆ ಕರೆದು ಹೋದರು. ಅದು ಕಾರ್ತಿಕ. ಬೀಜ ಬಿದ್ದು ಹುಲ್ಲು ತೆಗೆಯುವ ಸಂಜೆ ಇಂದೋ ನಾಳೆಯೋ ಎನ್ನುವಂತಿದ್ದ ವಾರ.

"ಒಂದ್ ಸಲ ಹೋಗಿ ಬರ್ರಿ. ಹುಲ್ಲು ನಾ ತಗೀತೇನಿ" ಎಂದಳು ಶಿವವ್ವ.

"ಗಿರಣಿ ಪಗಾರ ಐತಿ. ಮನಿಯೊಳಗ ಮತ್ತೇನ್ ನೋಡೂದು?" ಎಂದ ಚನಬಸಪ್ಪ, ಮಡಿಯಿಂದ ಕಣ್ಣು ಕೀಳದೆ.

ಮುಂದೆ ಅಗಿ ಕೀಳುವ ಕಾಲ ಬಂತು, ಕೊಟ್ಟ ಅಗಿ ಬೇರು ಹಿಡಿದು ಹತ್ತಿತೋ ಇಲ್ಲವೋ ಎಂದು ಊರೂರು ತಿರುಗುವ ಕಾಲ ಬಂತು, ಅಷ್ಟರಲ್ಲಿ ಲಗ್ನವೇ ಬಂತು. ಹೊಲದ ಮೂಲೆ ಮೂಲೆ ಹುಡುಕುವ ಮನುಷ್ಯ ಮಗಳ ಮನೆಯ ಹೊಸ್ತಿಲನ್ನೂ ಕಾಣದೆ ಅವಳನ್ನು ಕಳಿಸಿಕೊಟ್ಟ. ಊರಿನಲ್ಲಿ ಇದನ್ನು ಯಾರೂ ತಪ್ಪೆಂದು ಎಣಿಸಲಿಲ್ಲ. ಪಗಾರದ ಅಳಿಯ ಸಿಕ್ಕನೆಂದು ಮೆಚ್ಚಿಕೊಂಡರು. ಆಮೇಲೆಯೂ ಹೋಗಬಾರದೆಂದೇನೂ ಅವನು ಅಂದುಕೊಂಡಿರಲಿಲ್ಲ. ಆದರೆ ಪ್ರತಿ ತಿಂಗಳಿಗೂ ಮಡಿಯದೊಂದು ಕೆಲಸವಿರುತ್ತಿತ್ತು, ಹೀಗೆ ಎರಡು ವರ್ಷ ಕಳೆಯಿತು.

ಮೂರನೆಯ ವರ್ಷ, ಅಗಿ ಕೀಳುವ ಹದಕ್ಕೆ ಬಂದಿದ್ದಾಗ, ಗಿರಣಿಗೆ ಬಿದಿರು ಸಾಗಿಸುವ ಗಾಡಿ ಹೊಡೆಯುವ ಪಾಳಾದ ಮುದಕಪ್ಪ ದಾಂಡೇಲಿಯಿಂದ ಒಂದು ಮಾತು ತಂದ. ಮನೆಯ ಹಿಂದೆ ತುಸು ನೆಲವಿದೆ, ಅಲ್ಲಿ ಹಚ್ಚಲು ಅಗಿ ಬೇಕಂತೆ ಗುರುಸಿದ್ದವ್ವನಿಗೆ. ಒಂದು ಕಟ್ಟು ಅವನ ಗಾಡಿಯಲ್ಲಿಯೇ ಇಡಬಹುದಿತ್ತು. ಶಿವವ್ವ ಒದ್ದೆ ಗೋಣಿಯನ್ನೂ ತಂದಳು. ಚನಬಸಪ್ಪ "ನೆಲಾ ನೋಡಬೇಕಲ್ಲ" ಎಂದ. ಸ್ವಂತ ಮಗಳಿಗೂ ಕಟ್ಟಳೆ ಸಡಿಲಿಸದ ಇವನ ಹಟಕ್ಕೆ ಮುದಕಪ್ಪ ಬಿದ್ದು ಬಿದ್ದು ನಕ್ಕನಂತೆ. ಮರುದಿನ ಚನಬಸಪ್ಪ ಕೋಟು ತೊಟ್ಟು, ಎರಡು ಬಸ್ಸು ಬದಲಿಸಿ, ಹಳಿಯಾಳದ ಮೇಲೆ ಹಾಯ್ದು ಮಧ್ಯಾಹ್ನಕ್ಕೆ ದಾಂಡೇಲಿ ಮುಟ್ಟಿದ.

ಸಾಲಾಗಿ ಕಟ್ಟಿದ ಮನೆಗಳಲ್ಲಿ ಒಂದು. ಎರಡು ಖೋಲಿ, ಅತ್ತೆ, ಇಬ್ಬರು ಮೈದುನರು, ಗಂಡ, ಅವಳು. ಗಂಡಸರು ಮೂವರಿಗೂ ಬೇರೆ ಬೇರೆ ಪಾಳಿಯಾದ್ದರಿಂದ ಆ ಮನೆಯಲ್ಲಿ ಹಗಲಿನಲ್ಲಿಯೂ ಯಾರಾದರೊಬ್ಬರು ನಿದ್ದೆಹೋಗಿಯೇ ಇರುತ್ತಿದ್ದರು. ಗುರುಸಿದ್ದವ್ವ ತಪ್ಪಲೆಯನ್ನು ಸದ್ದಾಗದಂತೆ ಇಳಿಸಿ, ತಂದೆಗೆ ನೀರು ಕೊಟ್ಟು, ಪಿಸುದನಿಯಲ್ಲಿ "ಯಾವಾಗ ಬಂದೀ ಅಪ್ಪಾ" ಎಂದಳು. ಮೊದಲು ಅವನಿಗೆ ಕೇಳಿಸಲೇ ಇಲ್ಲ. ಏನೆಂದೆ ಎಂದು ಅವನು ಗಟ್ಟಿಯಾಗಿ ಕೇಳಿದಾಗ ಅವಳು ಒಳಗೆ ಮಲಗಿದವರ ಕಡೆ ನೋಡಿ ಬೆರಳನ್ನು ತುಟಿಯ ಮೇಲಿಟ್ಟುಕೊಂಡಳು. ತೆಳ್ಳಗಾಗಿದ್ದಳು. ಕೈಯ ಉಗುರುಗಳಲ್ಲಿ ಮಣ್ಣಿರಲಿಲ್ಲ.

ಹಿತ್ತಲಿಗೆ ಹೋದರು. ಮನೆ ಕಟ್ಟುವಾಗ ಸುರಿದ ಕೆಂಪು ಗರಸಿನ ನೆಲ. ಗುದ್ದಲಿ ಹಾಕಿದರೆ ಟಣ್ ಎನ್ನುವಂಥದ್ದು. ಮೇಲೆ ಸಾಗವಾನಿ ಮರದ ನೆರಳು. ಚನಬಸಪ್ಪ ಕೂತು, ಚೊಂಬಿನ ನೀರು ಸುರಿದು, ಅದು ಇಂಗುವುದನ್ನು ಕಾದ. ನೀರು ಇಂಗಲಿಲ್ಲ. ಎಷ್ಟೋ ಜನಕ್ಕೆ ನಿರ್ದಾಕ್ಷಿಣ್ಯವಾಗಿ ಹೇಳಿದ ಮಾತನ್ನು ಈಗ ಮಗಳಿಗೂ ಹೇಳಿದ.

"ಇಲ್ಲಿ ಹತ್ತೂದಿಲ್ಲವ್ವಾ."

"ಹತ್ತೂದಿಲ್ಲಂತ ನನಗೂ ಗೊತ್ತಿತ್ತಪ್ಪಾ" ಎಂದಳು ಗುರುಸಿದ್ದವ್ವ, ಅದೇ ಪಿಸುದನಿಯಲ್ಲಿ. "ನೆಲಾ ನೋಡಾಕರ ಬರ್ತಿ ಅಂತ ಹೇಳಿ ಕಳಿಸಿದೆ."

ಅವನು ತಲೆ ಎತ್ತಲಿಲ್ಲ. ಖಾಲಿ ಚೊಂಬನ್ನು ಕೈಗೆತ್ತಿಕೊಂಡು, ನಡಿ ಊರಿಗೆ ಹೋಗೂಣು ಎಂದ. ಅವಳು ಬೇಡವೆಂದು ತಲೆಯಾಡಿಸಿದಳು.

"ಈಗ್ಯಾಕ? ಇವರೇನ್ ಕೆಟ್ಟ ಮಂದಿ ಅಲ್ಲ. ನನ್ನ ಕೊಡೂ ಮುಂದ ಯಾರರ ಒಬ್ರು ಬಂದು ನೋಡಬೇಕಿತ್ತು, ಅಷ್ಟ."

ಚನಬಸಪ್ಪನಿಗೆ ನಾಚಿಕೆಯಾಯಿತು, ಮೈತುಂಬ ಕೋಟಿದ್ದರೂ ಬಯಲಲ್ಲಿ ನಿಂತಂತಾಯಿತು. ಗಿರಣಿಯ ಭೋಂಗಾ ಕೂಗಿದಾಗ ಕರಿಬಸಪ್ಪ ಪಾಳಿ ಮುಗಿಸಿ ಬಂದು, ಮಾವನನ್ನು ಕಂಡು ನಿಜವಾಗಿಯೂ ಸಂತೋಷಪಟ್ಟು, ಊಟಕ್ಕೆ ಎಬ್ಬಿಸಿದ. ಉಂಡು, ಸಂಜೆಯ ಬಸ್ಸು ಹಿಡಿದು ಊರಿಗೆ ಬಂದವನನ್ನು ಶಿವವ್ವ ನೆಲ ಹೇಗಿದೆ ಎಂದು ಕೇಳಿದಳು. ಚಲೋ ಇಲ್ಲ ಎಂದ. ಮರುದಿನ ಬೆಳಗ್ಗೆ ಮಡಿ ನೆನೆಸಿ, ಎಲ್ಲಕ್ಕಿಂತ ಒಳ್ಳೆಯ ಅಗಿಯನ್ನೇ ಆರಿಸಿ ಕಿತ್ತು, ಗೋಣಿಯಲ್ಲಿ ನಿಲ್ಲಿಸಿಕೊಂಡು ಮತ್ತೆ ಅದೇ ಬಸ್ಸು ಹತ್ತಿದ.

ಆ ಗರಸಿನಲ್ಲಿ ಗಡ್ಡೆ ಕಟ್ಟಲಿಲ್ಲ, ಕಟ್ಟುವುದೂ ಇಲ್ಲವೆಂದು ಹಚ್ಚಿದವನಿಗೆ ಗೊತ್ತಿತ್ತು. ಎಲೆಯ ತಪ್ಪಲು ಬಂತು, ಅದನ್ನೇ ಕೊಯ್ದು ಪಲ್ಯ ಮಾಡಿದರು. ಅಲ್ಲಿಂದ ಮುಂದೆ ಪ್ರತಿವರ್ಷವೂ, ಹಚ್ಚಲೊಮ್ಮೆ, ನೀರು ಬಿಟ್ಟದ್ದು ನೋಡಲೊಮ್ಮೆ, ಕಳೆ ಇಲ್ಲದಿದ್ದರೂ ಕಳೆ ತೆಗೆಯಲೊಮ್ಮೆ ಅವನು ದಾಂಡೇಲಿಗೆ ಹೋದ. ತನ್ನ ಹೊಲವನ್ನು ಒಂದು ವರ್ಷ ಕಾಯಿಸಿದವನು ಇಂಥ ನೆಲಕ್ಕೆ ಅಗಿ ಹೊರುತ್ತಾನೆಂದು ನಾಗಲಿಂಗಪ್ಪ ಪೇಟೆಯಲ್ಲೆಲ್ಲ ಹೇಳಿಕೊಂಡು ತಿರುಗಿದ. ಚನಬಸಪ್ಪ ಕೋಟು ತೊಟ್ಟು ಮುಂದಿನ ಬಸ್ಸು ಹಿಡಿದ.

ಇಂಥವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಅವರನ್ನು ಕಲ್ಲು ಮನಸ್ಸಿನವರೆನ್ನುವುದು ಸುಲಭ, ಆದರೆ ಅದು ಸುಳ್ಳು. ಮಮತೆ ಅವರಲ್ಲಿ ಬೇಕಾದಷ್ಟಿರುತ್ತದೆ. ಕೈಗೊಂದು ಕೆಲಸವಿಲ್ಲದೆ, ಬರಿಗೈಯಲ್ಲಿ, ಸುಮ್ಮನೆ ನಿನ್ನನ್ನು ನೋಡಲು ಬಂದೆ ಎಂದು ಒಬ್ಬರ ಬಾಗಿಲಲ್ಲಿ ನಿಲ್ಲುವುದು ಮಾತ್ರ ಅವರಿಗೆ ಬರುವುದಿಲ್ಲ. ಒಂದು ನೆವ ಸಿಕ್ಕರೆ ಅವರು ಎಷ್ಟು ದೂರವಾದರೂ ಬರುತ್ತಾರೆ. ಆ ನೆವವನ್ನು ಹುಡುಕಿಕೊಡುವ ಕೆಲಸ ಯಾವಾಗಲೂ ಕಾದು ಕೂತವರ ಪಾಲಿಗೇ ಬರುತ್ತದೆ.