ಓಟ ಮುಗಿದ ಮೇಲೆ

ಕತ್ತರಿ ಅಕ್ಕನ ಅಂಗಡಿಗೆ ಹೆಂಗಸರು ಬರುತ್ತಿದ್ದದ್ದು ಅರ್ಧ ಕೂದಲು ಕತ್ತರಿಸಿಕೊಳ್ಳಲಾದರೆ ಇನ್ನರ್ಧ ಅವಳ ಬುದ್ಧಿಮಾತಿಗೆ. ಕತ್ತರಿ ನಿಂತರೂ ಅವಳ ಬಾಯಿ ನಿಲ್ಲುತ್ತಿರಲಿಲ್ಲ. ಅದರಲ್ಲೂ ಮಗಳ ವಿಷಯ ಬಂತೆಂದರೆ ಮುಗಿಯಿತು, ಕೇಳುವವರ ತಲೆ ತಪ್ಪಿಸಿಕೊಳ್ಳುವ ಹಾಗೂ ಇಲ್ಲ, ಅವಳ ಕೈಯಲ್ಲೇ ಇರುತ್ತಿತ್ತಲ್ಲ!

ಮಗಳಿಗೆ ಎಂಟು ವರ್ಷ. ಮನೆಯಲ್ಲಿ ಕರೆಯುವುದು ಬುಗುರಿ ಎಂದು. ಕೂತಲ್ಲಿ ಕೂರುವವಳಲ್ಲ, ನಿಂತಲ್ಲಿ ನಿಲ್ಲುವವಳಲ್ಲ, ಹಾಕಿಕೊಂಡು ಹೋದ ಚಪ್ಪಲಿ ವಾಪಸ್ಸು ಬಂದರೆ ಅದೇ ಪುಣ್ಯ. ಡಾಕ್ಟರು ಇದಕ್ಕೆ ಎಡಿಎಚ್‌ಡಿ ಎನ್ನುತ್ತಾರೆ ಎಂದು ಹೇಳಿ ಮಾತ್ರೆ ಬರೆದುಕೊಟ್ಟಾಗ ಅಕ್ಕ ಅಲ್ಲೇ ಎದ್ದು ಬಂದಿದ್ದಳು. ಹುಟ್ಟಿದ ಗುಣಕ್ಕೆಲ್ಲ ಮಾತ್ರೆ ನುಂಗಿಸುವುದಾದರೆ ತಾಯಿ ಯಾಕಿರಬೇಕು ಎಂಬುದು ಅವಳ ವಾದ. ಅಂದಿನಿಂದ ಮನೆಯಲ್ಲಿ ಬಣ್ಣದ ಸಿಹಿತಿಂಡಿ ಇಲ್ಲ, ಸಂಜೆಯಾದ ಮೇಲೆ ಟಿವಿ ಇಲ್ಲ, ಬೇಗ ನಿದ್ದೆ, ಬೆಳಿಗ್ಗೆ ಸ್ಕೂಲಿಗೆ ಮುಂಚೆ ಮೈದಾನದಲ್ಲಿ ಓಟ. ಓಡಿಸುವ ಕೆಲಸ ಗಂಡನದು. ಅವನು ಬೀಗ ರಿಪೇರಿ ಮಾಡುವವನು, ತನ್ನ ಬಾಯಿಗೂ ಒಂದು ಹಾಕಿಕೊಂಡೇ ಹುಟ್ಟಿದವನು. ಎರಡು ತಿಂಗಳಲ್ಲಿ ಬುಗುರಿ ಪಾಠ ಕೇಳಲು ಕೂತಳು, ಬರೆದಳು. ಅಕ್ಕನಿಗೆ ಕೊಂಬು ಬರದೆ ಇರುತ್ತದೆಯೇ? ಬಂದವರಿಗೆಲ್ಲ ಹೇಳಿದಳು: ಮಾತ್ರೆ ಬೇಡ, ಮಕ್ಕಳನ್ನು ಓಡಿಸಿ.

ಆ ದಿನ ಬೆಳಿಗ್ಗೆ ಗಂಡನಿಗೆ ಜ್ವರ. ಮಗಳನ್ನು ಮೈದಾನಕ್ಕೆ ಅಕ್ಕನೇ ಕರೆದುಕೊಂಡು ಹೋದಳು. ಓಟ ಮುಗಿಸಿದ ಬುಗುರಿ ಬೆಂಚಿನ ಮೇಲೆ ಕೂತಳು. ಹೊತ್ತಾಯಿತು ಎಂದರೂ ಏಳಲಿಲ್ಲ. ನೀರಿನ ಬಾಟಲಿ ಹಿಡಿದುಕೊಂಡು ಅಮ್ಮನ ಕೈಚೀಲವನ್ನೇ ನೋಡುತ್ತಿದ್ದಳು.

"ಏನೇ ಅದು?"

"ಅಪ್ಪ ಇಲ್ಲೇ ಕೊಡೋದು," ಎಂದವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಗದರಿಸಿದ ಮೇಲೆ ಒಂದೊಂದಾಗಿ ಹೊರಬಂತು. ಬಿಳಿ ಮಾತ್ರೆ. ದಿನಾ ಓಟವಾದ ಮೇಲೆ. ಅಪ್ಪ ಮತ್ತೆ ಅದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದ. ಓಟ ಒಳ್ಳೆಯದು, ನಿದ್ದೆ ಒಳ್ಳೆಯದು, ಎರಡನ್ನೂ ಬಿಡಬೇಡಿ, ಜೊತೆಗೆ ಇದೂ ಇರಲಿ ಎಂದಿದ್ದರಂತೆ. ಅಮ್ಮನಿಗೆ ಬೇಜಾರಾಗುತ್ತದೆ, ಹೇಳಬೇಡ ಎಂದಿದ್ದನಂತೆ ಅಪ್ಪ.

ಅಕ್ಕನ ಮೈಯೆಲ್ಲ ಉರಿದುಹೋಯಿತು. "ಇವತ್ತು ಅದೆಲ್ಲ ಬೇಡ. ಓಡಿದ್ದೀಯಲ್ಲ, ಸಾಕು. ನೋಡೇಬಿಡೋಣ," ಎಂದು ಮಗಳನ್ನು ನೇರ ಸ್ಕೂಲಿನ ಗೇಟಿಗೆ ಬಿಟ್ಟಳು. ಮಗು ಎರಡು ಸಲ ತಿರುಗಿ ನೋಡಿತು. ಅಕ್ಕ ಮನೆಗೆ ಹೋಗಲಿಲ್ಲ. ಹೋದರೆ ಜ್ವರದಲ್ಲಿ ಮಲಗಿದವನ ಗ್ರಹಚಾರ ಬಿಡಿಸಿಬಿಡುತ್ತೇನೆಂದು ಅವಳಿಗೇ ಗೊತ್ತಿತ್ತು. ಅಂಗಡಿ ತೆಗೆದು, ಬಾಚಣಿಗೆಗಳ ಪಕ್ಕ ಫೋನಿಟ್ಟು, ಇವತ್ತೊಂದು ದಿನ ಸ್ಕೂಲಿನಿಂದ ಇದು ಹೊಡೆದುಕೊಳ್ಳದೆ ಇದ್ದರೆ ಸಾಕು ಎಂದುಕೊಂಡಳು.

ಹನ್ನೊಂದರ ಹೊತ್ತಿಗೆ ಪೋಸ್ಟಾಫೀಸಿನ ಗುಮಾಸ್ತೆ ಬಂದು ಕುರ್ಚಿಯಲ್ಲಿ ಕೂತಳು. ಅವಳಿಗೂ ಅಂಥವನೇ ಒಬ್ಬ ಮಗ. ಕಣ್ಣಿನ ಕೆಳಗೆ ಕಪ್ಪಾಗಿತ್ತು. ಎಡಗಡೆಯ ಕೂದಲು ಕತ್ತರಿಸಿ ಮುಗಿದಾಗ ಕನ್ನಡಿಯಲ್ಲೇ ಅಕ್ಕನನ್ನು ನೋಡಿ ಹೇಳಿದಳು.

"ನೀವು ಹೇಳಿದ ಹಾಗೆ ಅವನ ಮಾತ್ರೆ ನಿಲ್ಲಿಸಿಬಿಟ್ಟೆ ಅಕ್ಕಾ. ಡಾಕ್ಟರಿಗೂ ಹೇಳಿಲ್ಲ. ದಿನಾ ಓಡಿಸ್ತಿದ್ದೀನಿ. ನಿನ್ನೆ ಮಾತ್ರ ನಮ್ಮನೆ ಮೂರನೇ ಮಹಡಿ ಕಿಟಕಿ ಹತ್ತಿ ಆಚೆ ಕಾಲು ಹಾಕಿ ಕೂತಿದ್ದ. ಇವತ್ತು ಸ್ಕೂಲಿಗೂ ಕಳಿಸದೆ ಮನೇಲೇ ಬಿಟ್ಟು ಬಂದಿದ್ದೀನಿ. ಇನ್ನೂ ಎಷ್ಟು ದಿನ ತಡ್ಕೋಬೇಕು?"

ಅಕ್ಕನ ಕತ್ತರಿ ನಿಂತಿತು. ಗೋಡೆಯ ಪಕ್ಕ ಸರದಿ ಕಾಯುತ್ತಿದ್ದ ಇಬ್ಬರು ಕಿವಿ ನೆಟ್ಟಗೆ ಮಾಡಿಕೊಂಡರು. ಅವರಲ್ಲಿ ಒಬ್ಬಳು, ಅಕ್ಕನ ಮಾತು ಯಾವತ್ತು ಸುಳ್ಳಾಗಿದೆ, ಅವಳ ಬುಗುರಿಯನ್ನೇ ನೋಡಬಾರದೇ ಎಂದು ಧೈರ್ಯ ಬೇರೆ ಹೇಳಿದಳು. ಇನ್ನೊಂದು ವಾರ ನೋಡಿ ಎಂಬ ಮಾತು ಅಕ್ಕನ ನಾಲಗೆಯ ತುದಿಗೆ ಬಂದೇಬಿಟ್ಟಿತ್ತು. ನಿಜ ಹೇಳಿದರೆ ನಾಲ್ಕು ಜನರ ಮುಂದೆ ಮಾನ ಹೋಗುತ್ತದೆ, ಅದೂ ತನ್ನದೇ ಅಂಗಡಿಯಲ್ಲಿ. ಸಂಜೆ ಒಬ್ಬಳೇ ಸಿಕ್ಕಾಗ ಮೆಲ್ಲಗೆ ಹೇಳಿದರಾಯಿತಲ್ಲ? ಸಂಜೆಯ ತನಕ ಆ ಹುಡುಗ ಕಿಟಕಿಯ ಹತ್ತಿರ ಹೋಗದೆ ಇರುತ್ತಾನೆಯೇ?

ಫೋನು ಹೊಡೆದುಕೊಂಡಿತು. ಸ್ಕೂಲಿನದು. ಬುಗುರಿಗೆ ಏನೂ ಆಗಿಲ್ಲ, ಆದರೆ ಬೆಳಗಿನಿಂದ ಒಂದೇ ಸಮನೆ ಏಳುತ್ತಿದ್ದಾಳೆ, ಈಗ ಅಳು ನಿಲ್ಲಿಸುತ್ತಿಲ್ಲ ಎಂದು ಹೇಳಿ ಟೀಚರು ಫೋನನ್ನು ಮಗುವಿನ ಕೈಗೆ ಕೊಟ್ಟರು.

"ಅಮ್ಮಾ, ಕೈ ಎರಡೂ ತೊಡೆ ಕೆಳಗೆ ಇಟ್ಕೊಂಡು ಕೂತೆ. ತುಂಬಾ ಹೊತ್ತು ಕೂತೆ. ಆಗ್ಲಿಲ್ಲ." ಬಿಕ್ಕಳಿಕೆ. "ಅಪ್ಪನ್ನ ಬೈಬೇಡ. ನಾನೇ ಹೇಳ್ಬಿಟ್ಟೆ."

ಚಪ್ಪಲಿ ಮರೆಯುವ, ಪುಸ್ತಕ ಮರೆಯುವ, ಊಟ ಮಾಡಿದ್ದನ್ನೇ ಮರೆಯುವ ಮಗು ಇದೊಂದನ್ನು ಇಷ್ಟು ದಿನ ಮರೆಯದೆ ಬಚ್ಚಿಟ್ಟುಕೊಂಡಿತ್ತು. ಯಾರಿಗಾಗಿ? ಅಮ್ಮನ ಜಂಬ ಮುಕ್ಕಾಗಬಾರದೆಂದು.

ಬರುತ್ತೇನೆ ಎಂದು ಹೇಳಿ ಫೋನಿಟ್ಟಳು. ಕತ್ತರಿಯನ್ನೂ ಇಟ್ಟಳು. ಗುಮಾಸ್ತೆಯ ಮುಂದೆ ಬಂದು ನಿಂತಳು, ಕನ್ನಡಿಯಲ್ಲಿ ಮುಖ ನೋಡಿ ಹೇಳುವ ಮಾತಾಗಿರಲಿಲ್ಲ ಅದು.

"ನನ್ನ ಮಗಳೂ ಮಾತ್ರೆ ತಗೋತಾಳೆ. ಅವರಪ್ಪ ಕೊಡ್ತಿದ್ರು, ನನಗೆ ಗೊತ್ತಾಗಿದ್ದು ಇವತ್ತು. ಓಟ ಒಂದರಿಂದಲೇ ಆಗಿದ್ದಲ್ಲ. ನಾನು ಹೇಳಿದ್ದು ತಪ್ಪು. ಈಗಲೇ ಡಾಕ್ಟರಿಗೆ ಫೋನ್ ಮಾಡಿ, ನಿಲ್ಲಿಸಿದ್ದೀನಿ ಅಂತ ಹೇಳಿ. ಮನೇಲಿ ಯಾರಿದ್ದರೂ ಅವನನ್ನ ಬಿಟ್ಟು ಏಳಬೇಡಿ ಅನ್ನಿ."

ಗುಮಾಸ್ತೆ ಎದ್ದು ನಿಂತಳು. "ನಿನ್ನೆ ಬಿದ್ದಿದ್ರೆ?" ಎಂದಳು, ಅಷ್ಟೇ. ಗುಮಾಸ್ತೆ ಕೊರಳಿನ ಬಟ್ಟೆ ಕಿತ್ತು ಕುರ್ಚಿಯ ಮೇಲೆ ಎಸೆದು, ಅರ್ಧ ಕತ್ತರಿಸಿದ ತಲೆಯಲ್ಲೇ ಫೋನು ಕಿವಿಗಿಟ್ಟುಕೊಂಡು ಹೊರಗೆ ಓಡಿದಳು. ಕಾಯುತ್ತಿದ್ದ ಇಬ್ಬರೂ ಚೀಲ ಹುಡುಕತೊಡಗಿದರು. ಅಕ್ಕ ಅವರನ್ನು ತಡೆಯಲಿಲ್ಲ, ಬಾಗಿಲು ಎಳೆದು ಸ್ಕೂಲಿನ ಕಡೆ ನಡೆದಳು.

ಬುಗುರಿ ಗೇಟಿನ ಒಳಗೆ ಮೆಟ್ಟಿಲ ಮೇಲೆ ಇದ್ದಳು, ಕಣ್ಣು ಊದಿಕೊಂಡಿತ್ತು. ಅಮ್ಮನನ್ನು ಕಂಡದ್ದೇ ಕೇಳಿದ್ದು, ಅಪ್ಪನನ್ನು ಬೈದೆಯಾ ಎಂದು. ಇಲ್ಲ ಎಂದಳು ಅಕ್ಕ. ಬೈಗುಳ ತಿನ್ನಬೇಕಾದವಳು ತಾನೇ ಎಂದೂ ಹೇಳಿದಳು. ಸಂಜೆ ಮೂವರೂ ಡಾಕ್ಟರ ಹತ್ತಿರ ಹೋಗೋಣ, ನಾಳೆಯಿಂದ ಬೆಂಚಿನ ಹತ್ತಿರ ತಾನೂ ಬರುತ್ತೇನೆ ಎಂದಳು.

"ಓಡೋದು?"

"ಓಡೋದೂ ಇದೆ."

ಮಗು ಯೋಚನೆ ಮಾಡಿತು. "ಹಂಗಾದ್ರೆ ಇನ್ಮೇಲೆ ನಾನು ಏನೂ ಮುಚ್ಚಿಡ್ಬೇಕಾಗಿಲ್ವಾ?"

"ಏನೂ ಬೇಡ ಕಂದಾ."

ಬುಗುರಿ ಅಮ್ಮನಿಗೂ ಕಾಯದೆ ಗೇಟಿನ ಕಡೆ ಓಡಿದಳು. ಬ್ಯಾಗು ಮೆಟ್ಟಿಲ ಮೇಲೇ ಉಳಿದಿತ್ತು. ಅಕ್ಕ ಅದನ್ನು ಎತ್ತಿಕೊಂಡು ಹಿಂದೆಯೇ ಓಡಿದಳು.